ಅರ್ಧ ಕಿಲೋ ಸಿಟ್ಟು

ಅರ್ಧ ಕಿಲೋ ಅಂದರೆ ಏನು ಮಹಾ? ತರಕಾರಿ ಅಂಗಡಿಯಲ್ಲಿ ನಾಲ್ಕು ಈರುಳ್ಳಿ ಹೆಚ್ಚು ಬಿದ್ದರೆ "ಇರ್ಲಿ ತಗೊಳ್ಳಿ" ಅನ್ನುತ್ತಾರೆ, ಮುಗಿಯಿತು. ಆದರೆ ಅದೇ ಅರ್ಧ ಕಿಲೋ ಒಬ್ಬ ಮನುಷ್ಯನ ಸೊಂಟದ ಸುತ್ತ ಬಾಡಿಗೆದಾರನ ಹಾಗೆ ಕೂತು, ಬೈದರೂ ಬೇಡಿದರೂ ಖಾಲಿ ಮಾಡುವುದಿಲ್ಲ ಅಂತ ಹಟ ಹಿಡಿದರೆ ಆ ಮನುಷ್ಯನ ಗತಿ ಏನು?

ಕ್ರೇನಣ್ಣನ ಗತಿ ಅದಾಗಿತ್ತು.

ಕಂಟೇನರ್ ಯಾರ್ಡಿನಲ್ಲಿ ಎಲ್ಲಕ್ಕಿಂತ ಎತ್ತರದ ಕ್ರೇನು ಅವನದು. ಅದರ ನೆತ್ತಿಯಲ್ಲಿ ಗಾಜಿನ ಒಂದು ಪುಟ್ಟ ಕ್ಯಾಬಿನ್ನು. ಒಳಗೆ ಎರಡು ಸೀಟು: ಒಂದು ಅವನದು, ಇನ್ನೊಂದು ಕಲಿಯುವವರದು. ಎರಡನೆಯದರ ಮೇಲೆ ಇಷ್ಟು ವರ್ಷ ಅವನ ಊಟದ ಡಬ್ಬಿ ಬಿಟ್ಟರೆ ಯಾರೂ ಕೂತಿರಲಿಲ್ಲ. ಮನೆಯಲ್ಲಿ ಹೆಂಡತಿ, ಅತ್ತೆ, ಮೂರು ಮಕ್ಕಳು, ಯಾವಾಗಲೂ ಹಾಡುವ ಟಿವಿ. ಬಸ್ಸಿನಲ್ಲಿ ಕಂಡಕ್ಟರು. ನೆಲದ ಮೇಲೆ ಲಾರಿಗಳ ಹಾರನ್ನು. ಇಡೀ ಜಗತ್ತಿನಲ್ಲಿ ಯಾರೂ "ಒಂದು ನಿಮಿಷ" ಅಂತ ಕರೆಯದ ಜಾಗ ಅದೊಂದೇ. ಕೆಳಗಿನಿಂದ ಮಾತಾಡಿಸಲು ಒಂದು ವಾಕಿಟಾಕಿ ಇತ್ತು. ಅದಕ್ಕೊಂದು ಸ್ವಿಚ್ಚೂ ಇತ್ತು. ಕೈಸನ್ನೆ ಸಾಕು ಅನ್ನಿಸಿದಾಗ ಕ್ರೇನಣ್ಣ ಆ ಸ್ವಿಚ್ಚನ್ನು ಹೆಬ್ಬೆರಳಿನಿಂದ ಟಕ್ ಅಂತ ಕೆಳಕ್ಕೆ ಒತ್ತುತ್ತಿದ್ದ. ಆ ಟಕ್ ಸದ್ದಿಗೆ ಸಮನಾದ ಸಂಗೀತ ಇನ್ನೊಂದಿಲ್ಲ ಅಂತ ಅವನ ನಂಬಿಕೆ.

ಮೂರು ತಿಂಗಳ ಹಿಂದೆ ಸುರಕ್ಷತಾ ಅಧಿಕಾರಿ ಬಂದ. ಇಸ್ತ್ರಿ ಮಾಡಿದ ಮುಖದ ಮನುಷ್ಯ. ಮೇಲೆ ಕೆಲಸ ಮಾಡುವವರ ಸೊಂಟಕ್ಕೆ ಕಟ್ಟುವ ಬೆಲ್ಟು ನೂರು ಕಿಲೋ ಮಾತ್ರ ತಡೆಯುತ್ತದೆ, ಅದಕ್ಕಿಂತ ಭಾರದವರು ಇನ್ನು ಮೇಲೆ ಹತ್ತಕೂಡದು ಅಂದ. ಆಗ ಕ್ರೇನಣ್ಣ ನೂರ ಎಂಟು ಇದ್ದ. "ಮೂರು ತಿಂಗಳು ಟೈಮ್ ಕೊಡ್ತೀನಿ. ಇಳಿಸಿದ್ರೆ ಸರಿ. ಇಲ್ದಿದ್ರೆ ನೀವು ಕೆಳಗೆ, ವಿಚಾರಣೆ ಕೌಂಟರಿಗೆ."

ವಿಚಾರಣೆ ಕೌಂಟರು! ಬೆಳಗಿನಿಂದ ಸಂಜೆತನಕ "ನನ್ನ ಸರಕು ಎಲ್ಲಿ" ಅಂತ ಕೇಳುವವರ ಸಾಲು. ಕ್ರೇನಣ್ಣನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ ವಾಸ. ಅವನನ್ನು ಆ ಕೌಂಟರಿಗೆ ಕೂರಿಸುವುದೂ ಪೆಟ್ರೋಲ್ ಬಂಕಿನಲ್ಲಿ ಒಲೆ ಹಚ್ಚುವುದೂ ಒಂದೇ.

ಹಾಗಾಗಿ ಅವನು ಇಳಿಸಿದ. ಸಕ್ಕರೆ ಬಿಟ್ಟ, ಬನ್ನು ಬಿಟ್ಟ, ಮಕ್ಕಳ ತಟ್ಟೆಯಲ್ಲಿ ಮಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಚಟ ಬಿಟ್ಟ. ಇಂದು ಕೊನೆಯ ದಿನ. ಸಂಜೆ ನಾಲ್ಕಕ್ಕೆ ಅಧಿಕಾರಿಯ ಎದುರು ತೂಕ. ಬೆಳಿಗ್ಗೆ ಪ್ರಥಮ ಚಿಕಿತ್ಸೆ ಕೋಣೆಗೆ ಹೋಗಿ, ಅಂಗಿ ಬೂಟು ಕಳಚಿ, ಉಸಿರು ಬಿಗಿಹಿಡಿದು ತಕ್ಕಡಿ ಹತ್ತಿದ.

"ಉಸಿರು ಬಿಡಿ. ಗಾಳಿಗೆ ತೂಕ ಇಲ್ಲ," ಅಂದಳು ನರ್ಸಮ್ಮ. ಆಮೇಲೆ ಮುಳ್ಳು ನೋಡಿದಳು. "ನೂರೂವರೆ."

"ನಿನ್ನೆ ಮಧ್ಯಾಹ್ನದಿಂದ ಒಂದು ಅಗುಳು ಮುಟ್ಟಿಲ್ಲ ನರ್ಸಮ್ಮಾ! ಈ ದರಿದ್ರ ಅರ್ಧ ಕಿಲೋ ಎಲ್ಲಿಂದ ಬಂತು?"

"ಬಂದಿಲ್ಲ ಕಣಪ್ಪ, ಹೋಗಿಲ್ಲ. ಬೈಬೇಡಿ, ತಕ್ಕಡಿಗೆ ಕಿವಿ ಇಲ್ಲ. ಕೂತ್ಕೊಳ್ಳಿ, ನಿಮ್ಮ ಭಾಷೇಲೇ ಹೇಳ್ತೀನಿ. ನಿಮ್ಮ ಯಾರ್ಡಿನಲ್ಲಿ ಪೆಟ್ಟಿಗೆ ಮೇಲೆ ಪೆಟ್ಟಿಗೆ ಪೇರಿಸ್ತೀರಲ್ಲ, ದೇಹವೂ ಹಾಗೇ. ತಿಂದು ಮಿಕ್ಕಿದ್ದನ್ನ ಕೊಬ್ಬಿನ ಪೆಟ್ಟಿಗೆ ಮಾಡಿ ಗೋದಾಮಿಗೆ ತಳ್ಳುತ್ತೆ. ಗೇಟಲ್ಲಿ ಇನ್ಸುಲಿನ್ ಅಂತ ಒಬ್ಬ ಕಾವಲುಗಾರ. ಸಕ್ಕರೆ ಟೀ, ಬನ್ನು ಒಳಗೆ ಹೋದ್ರೆ ಸಾಕು, ಅವನು ಎದ್ದು ಬಂದು 'ಸರಕು ಒಳಕ್ಕೆ ಬರ್ಲಿ, ಹೊರಕ್ಕೆ ಒಂದೂ ಹೋಗಬಾರ್ದು' ಅಂತ ಬೀಗ ಜಡೀತಾನೆ. ಹೊಟ್ಟೆ ಖಾಲಿ ಇದ್ರೆ ತೂಕಡಿಸ್ತಾನೆ."

"ಹಾಗಾದ್ರೆ ನನ್ನವನು ನಿನ್ನೆಯಿಂದ ಗೊರಕೆ ಹೊಡೀತಿರ್ಬೇಕು."

"ಹೊಡೀತಿರ್ತಾನೆ. ಆದ್ರೆ ಅವನು ಮಲಗಿದ್ರೆ ಬೀಗ ಸಡಿಲ ಆಗುತ್ತೆ ಅಷ್ಟೆ. ಬೀಗ ಒಡೆಯೋಕೆ ಬೇರೆಯವನು ಬರ್ಬೇಕು. ಅಡ್ರಿನಲಿನ್. ಗಾಬರಿ ಆದಾಗ, ಓಡಿದಾಗ, ಸಿಟ್ಟು ಬಂದಾಗ ನುಗ್ತಾನಲ್ಲ, ಅವನು. ಬಂದವನೇ 'ತೆಗೀರೋ ಬಾಗಿಲು' ಅಂತ ಒದೀತಾನೆ. ಒಳಗಿರೋ ಹಮಾಲಿಗಳು ಪೆಟ್ಟಿಗೆ ಒಡೆದು, ಮೂರು ಉದ್ದ ತುಂಡು, ಒಂದು ಗಿಡ್ಡ ತುಂಡು ಅಂತ ಕೊಬ್ಬನ್ನ ಬಿಡಿಸಿ ರಕ್ತಕ್ಕೆ ಸಾಗಿಸ್ತಾರೆ. ಆದ್ರೆ..."

ಅಷ್ಟರಲ್ಲಿ ಪಾಳಿಯ ಸೈರನ್ ಕೂಗಿತು. ಕ್ರೇನಣ್ಣ ಬೂಟಿಗೆ ಕಾಲು ತುರುಕುತ್ತ ಓಡಿದ. ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದ ಇನ್ನೊಬ್ಬ ಅವನಿಗಿಂತ ಮೊದಲೇ ಓಡಿದ್ದ. ನರ್ಸಮ್ಮನ ಆ "ಆದ್ರೆ" ಕೋಣೆಯಲ್ಲಿ ಒಂಟಿಯಾಗಿ ಉಳಿಯಿತು.

ಬಾಗಿಲ ಹಿಂದಿದ್ದವನು ಕಡ್ಡಿ. ಕಂಟೇನರಿಗೆ ಕೊಕ್ಕೆ ಹಾಕುವ ಕೆಲಸದವನು. ನಲವತ್ತು ದಾಟಿದರೂ ಮೈಯಲ್ಲಿ ಮಾಂಸ ಅನ್ನುವುದು ನಾಲಿಗೆಯಲ್ಲಿ ಮಾತ್ರ. ಯಾರ್ಡಿನಲ್ಲಿ ಅವನಷ್ಟು ಹಗುರದವರು ಇನ್ನೊಬ್ಬರಿಲ್ಲ. ಬೂಟು ಸಮೇತ ಅರವತ್ತು ಕಿಲೋ. ಅವನ ಮಾತು ಮಾತ್ರ ಒಂದು ಲಾರಿ ಲೋಡು. "ಅಣ್ಣಾ, ಒಂದು ಮಾತು ಹೇಳ್ಲಾ?" ಅಂತ ಶುರು ಮಾಡಿದರೆ ಮುಗಿಯುವಷ್ಟರಲ್ಲಿ ಪಾಳಿ ಮುಗಿದಿರುತ್ತಿತ್ತು. ವಾಕಿಟಾಕಿಯ ಸ್ವಿಚ್ಚು ಸವೆದಿದ್ದರೆ ಅದು ಮುಕ್ಕಾಲು ಪಾಲು ಅವನಿಂದಲೇ.

ಕಡ್ಡಿ ನೇರ ವೆಲ್ಡರಕ್ಕನ ಹತ್ತಿರ ಹೋದ. ವೆಲ್ಡರಕ್ಕ ಅಂದರೆ ಯಾರ್ಡಿನ ನ್ಯಾಯಾಲಯ. ಕಿಡಿ ಹಾರಿಸುತ್ತಿದ್ದವಳು ಮುಖದ ಗುರಾಣಿ ಮೇಲೆತ್ತಿದಳು.

"ಅಕ್ಕಾ, ಕ್ರೇನಣ್ಣನ್ನ ಉಳಿಸ್ಕೋಬೇಕು ಅಂದ್ರೆ ಒಂದೇ ದಾರಿ. ಸಂಜೆವರೆಗೂ ಅವನಿಗೆ ಸಿಟ್ಟು ಇಳೀಬಾರ್ದು. ಸಿಟ್ಟು ಬಂದ್ರೆ ಕೊಬ್ಬು ಕರಗುತ್ತಂತೆ, ಸಕ್ಕರೆ ಒಳಗೆ ಹೋದ್ರೆ ಕಾವಲುಗಾರ ಬೀಗ ಹಾಕ್ತಾನಂತೆ. ನರ್ಸಮ್ಮನೇ ಹೇಳಿದ್ರು."

"ಅಷ್ಟೇನಾ?" ವೆಲ್ಡರಕ್ಕ ಗುರಾಣಿ ಕೆಳಗಿಳಿಸಿದಳು. "ಹೊಸ ಕೆಲಸ ಏನಾದ್ರೂ ಹೇಳು. ಅದನ್ನ ನಾನು ದಿನಾ ಮಾಡ್ತೀನಿ."

ತೂಕ ಆಗುವವರೆಗೆ ಕ್ರೇನಣ್ಣ ಮೇಲೆ ಹತ್ತುವಂತಿರಲಿಲ್ಲ. ಕಂಟೇನರ್‌ಗಳ ನಂಬರು ನೋಡುತ್ತ ನೆಲದ ಮೇಲೆ ಅಲೆಯುವುದು ಅಂದಿನ ಕೆಲಸ. ಮೊದಲು ಅವನ ಹೆಲ್ಮೆಟ್ಟು ಕಾಣೆಯಾಯಿತು. ಹುಡುಕಿದಾಗ ಅದು ಫೋರ್ಕ್‌ಲಿಫ್ಟಿನ ತುದಿಗೆ ನೇತುಬಿದ್ದಿತ್ತು, ಒಳಗೆ ನಾಯಿಗೆ ನೀರು. ನಾಯಿ ಕುಡಿದು ಮುಗಿಸಿ ಬಾಲ ಅಲ್ಲಾಡಿಸಿತು. ಕ್ರೇನಣ್ಣ ನಾಯಿಗೂ ಬೈದ, ಅದರ ಅಪ್ಪನಿಗೂ ಬೈದ.

ಆಮೇಲೆ ನೀಲಿ ಕಂಟೇನರಿನ ಮೇಲೆ ಯಾರೋ ಸೀಮೆಸುಣ್ಣದಲ್ಲಿ ದೊಡ್ಡ ಹೊಟ್ಟೆಯ ಮನುಷ್ಯನ ಚಿತ್ರ ಬರೆದಿದ್ದರು. ಹೊಟ್ಟೆಗೆ ಕ್ರೇನಿನ ಕೊಕ್ಕೆ ಸಿಕ್ಕಿಸಿ ಎತ್ತುತ್ತಿರುವ ಚಿತ್ರ. ಕ್ರೇನು ಬಾಗಿತ್ತು.

"ಯಾವನೋ ಬರೆದವನು?" ಕ್ರೇನಣ್ಣನ ಕೂಗಿಗೆ ಮೇಲೆ ಕೂತಿದ್ದ ಪಾರಿವಾಳಗಳು ಎದ್ದು ಹಾರಿದವು.

"ಯಾರಾದ್ರೇನು ಬಿಡಪ್ಪ, ಹೋಲಿಕೆ ಚೆನ್ನಾಗಿ ಬಂದಿದೆ," ಅಂದಳು ವೆಲ್ಡರಕ್ಕ. "ಕಿವಿ ಮಾತ್ರ ಸ್ವಲ್ಪ ಚಿಕ್ಕದಾಯ್ತು."

ಕ್ರೇನಣ್ಣನ ಮುಖ ಕಾದ ಕಬ್ಬಿಣವಾಯಿತು. ದೂರದಲ್ಲಿ ಕಡ್ಡಿ ಅವನ ಸೊಂಟವನ್ನೇ ದಿಟ್ಟಿಸಿ ನೋಡುತ್ತಿದ್ದ, ಒಲೆಯ ಮೇಲಿನ ಬೆಣ್ಣೆ ಕರಗಿತೋ ಇಲ್ಲವೋ ಅಂತ ನೋಡುವವನ ಹಾಗೆ.

ಮಧ್ಯಾಹ್ನ ಹೆಂಡತಿಯ ಫೋನು ಬಂತು.

"ರೀ, ಒಂದು ವಿಷಯ ಹೇಳ್ಬೇಕಿತ್ತು. ನಿಮ್ಮ ಆರಾಮ ಕುರ್ಚಿ ಇತ್ತಲ್ಲ, ಕಿಟಕಿ ಹತ್ರದ್ದು. ಅದನ್ನ ನನ್ನ ತಮ್ಮನಿಗೆ ಕೊಟ್ಟುಬಿಟ್ಟೆ."

"ಏನಂದೆ?"

"ಮತ್ತೆ ಹೋದ ತಿಂಗಳು ಬೈಕಿಗೆ ಗೀರು ಬಿದ್ದಿದ್ದು ಪಕ್ಕದ ಮನೆಯವರಿಂದ ಅಲ್ಲ, ನನ್ನಿಂದ. ಅಮ್ಮ ಇನ್ನೂ ಆರು ತಿಂಗಳು ಇಲ್ಲೇ ಇರ್ತಾಳೆ. ಮತ್ತೆ ನೀವು ಹಾಡೋದು ಯಾರಿಗೂ ಇಷ್ಟ ಇಲ್ಲ. ಮಕ್ಕಳೂ ಸೇರಿ."

"ಇದನ್ನೆಲ್ಲ ಈಗ, ಇವತ್ತೇ, ಯಾಕೆ ಹೇಳ್ತಿದೀಯಾ ಮಹಾತಾಯಿ?"

"ನಿಮ್ಮ ಒಳ್ಳೇದಕ್ಕೇ ರೀ. ಇನ್ನೂ ಇದೆ, ಹೇಳ್ಲಾ?"

ಅವನು ಫೋನು ಕತ್ತರಿಸಿದ. ಅದಕ್ಕೂ ಮೊದಲೇ ಕಡ್ಡಿ ಅವನ ಮನೆಗೆ ಫೋನು ಮಾಡಿ "ಅತ್ತಿಗೆ, ಏನಾದ್ರೂ ಸುಳ್ಳು ಹೇಳಿ ಅಣ್ಣನಿಗೆ ಸಿಟ್ಟು ಬರಿಸಿ" ಅಂತ ಬೇಡಿಕೊಂಡಿದ್ದ. ಅತ್ತಿಗೆ "ಸುಳ್ಳು ಯಾಕಪ್ಪ, ಹೇಳದೆ ಉಳಿಸ್ಕೊಂಡಿರೋ ನಿಜಗಳೇ ಬೇಕಾದಷ್ಟಿವೆ" ಅಂದಿದ್ದಳು.

ಕ್ರೇನಣ್ಣ ಮರದ ಹಲಗೆಗಳ ರಾಶಿಯ ಮೇಲೆ ಧಡ್ ಅಂತ ಕೂತ. ತಲೆ ಧಿಮ್ಮೆನ್ನುತ್ತಿತ್ತು. ಎದೆ ಡೀಸೆಲ್ ಎಂಜಿನ್ನಿನ ಹಾಗೆ ಬಡಿದುಕೊಳ್ಳುತ್ತಿತ್ತು. ಅದೇ ಹೊತ್ತಿಗೆ ಸುರಕ್ಷತಾ ಅಧಿಕಾರಿ ಎದುರಿಗೆ ಬಂದು ನಿಲ್ಲಬೇಕೆ? ಕೈಯಲ್ಲಿ ಹಬೆಯಾಡುವ ಟೀ ಲೋಟ.

"ಏನ್ರೀ ಮುಖ ಹೀಗೆ ಬಾಡಿದೆ? ತಲೆ ಸುತ್ತಿ ಬಿದ್ರೆ ನನ್ನ ತಲೆಗೆ ಬರುತ್ತೆ. ತಗೊಳ್ಳಿ, ಎರಡು ಚಮಚ ಸಕ್ಕರೆ ಜಾಸ್ತಿ ಹಾಕಿಸಿದೀನಿ. ನನ್ನೆದುರೇ ಕುಡೀಬೇಕು."

ಹಿರಿಯ ಅಧಿಕಾರಿ ಕೈಯಾರೆ ಕೊಟ್ಟ ಟೀ. ಬೇಡ ಅನ್ನುವುದು ಹೇಗೆ? ಸಕ್ಕರೆಯ ಪರಿಮಳ ಮೂಗಿಗೆ ಬಡಿದು ಕ್ರೇನಣ್ಣನ ಕೈ ತಾನಾಗಿ ಮುಂದೆ ಹೋಯಿತು. ಲೋಟ ತುಟಿಗೆ ತಾಕಬೇಕು, ಹಿಂದಿನಿಂದ ಬಂದ ವೆಲ್ಡರಕ್ಕ ಭುಜದಿಂದ ಒಂದು ಗುದ್ದು ಕೊಟ್ಟಳು. ಟೀ ಪೂರ್ತಿ ಅಂಗಿಯ ಮೇಲೆ.

"ಅಯ್ಯೋ, ಕಣ್ಣು ಕಾಣ್ಲಿಲ್ಲ ಸಾರ್," ಅಂದಳು ಅಧಿಕಾರಿಗೆ. ಅವನು ತಲೆಯಾಡಿಸುತ್ತ ಹೋದ ಮೇಲೆ ಕ್ರೇನಣ್ಣ ಎದ್ದು ನಿಂತ. ಹಣೆಯ ನರ ಹಗ್ಗದಷ್ಟು ದಪ್ಪ ಆಗಿತ್ತು.

"ನಿನಗೇನು ತಲೆ ಕೆಟ್ಟಿದೆಯೇನೇ ಮಾರಾಯ್ತಿ?"

"ಕೂಗು, ಇನ್ನೂ ಜೋರಾಗಿ ಕೂಗು! ಕಾವಲುಗಾರ ಬೀಗ ಹಾಕೋದ್ರಲ್ಲಿದ್ದ, ತಪ್ಪಿಸಿದೆ. ಬೆಳಿಗ್ಗೆಯಿಂದ ನಿನ್ನ ಕೊಬ್ಬು ಕರಗಿಸೋಕೆ ನಾವಿಷ್ಟು ಒದ್ದಾಡ್ತಿದ್ರೆ, ನೀನು ಸಕ್ಕರೆ ಟೀ ಕುಡಿಯೋಕೆ ಹೊರಟಿದೀಯಾ?"

ಹೆಲ್ಮೆಟ್ಟು, ನಾಯಿ, ಸೀಮೆಸುಣ್ಣದ ಹೊಟ್ಟೆ, ಆರಾಮ ಕುರ್ಚಿ, ಎಲ್ಲ ಒಂದೊಂದಾಗಿ ಕ್ರೇನಣ್ಣನ ತಲೆಯಲ್ಲಿ ಪೇರಿಕೊಂಡವು.

"ಇದು ಯಾರ ಐಡಿಯಾ?"

ವೆಲ್ಡರಕ್ಕ ಗುರಾಣಿಯನ್ನು ಮುಖಕ್ಕೆ ಎಳೆದುಕೊಂಡಳು. ಆದರೆ ಹಲಗೆಗಳ ಹಿಂದಿನಿಂದ ಒಂದು ದನಿ ಬಂತು. "ಅಣ್ಣಾ, ಒಂದು ಮಾತು ಹೇಳ್ಲಾ?"

ಕ್ರೇನಣ್ಣ ಅವನತ್ತ ಹೆಜ್ಜೆ ಇಟ್ಟ. ಇಟ್ಟವನು ಅಲ್ಲೇ ನಿಂತ. ಅವನ ಸಿಟ್ಟಿಗೆ ಒಂದು ರೂಢಿ ಇತ್ತು: ಕಂಠದವರೆಗೆ ಬರುತ್ತಿತ್ತು, ಕಾಲಿಗೆ ಇಳಿಯುತ್ತಿರಲಿಲ್ಲ. ಕೂಗುವುದು, ಕೂರುವುದು, ಗುರ್ ಅನ್ನುವುದು. ಮತ್ತೆ ಕೂರಲು ಹೋದ.

"ಕೂರ್ಬೇಡಿ!" ನರ್ಸಮ್ಮ ಏದುಸಿರು ಬಿಡುತ್ತ ಬಂದಳು. ಗಲಾಟೆ ಅವಳ ಕೋಣೆಯವರೆಗೂ ಕೇಳಿತ್ತು. "ಯಾರು ಹೇಳಿದ್ದು ಸಿಟ್ಟು ಬಂದ್ರೆ ಸಾಕು ಅಂತ? ನನ್ನ ಮಾತು ಪೂರ್ತಿ ಕೇಳಿದ್ರಾ? ಆದ್ರೆ ಅಂದೆ ನಾನು, ಆದ್ರೆ! ಬೀಗ ಒಡೆದ್ರೆ ಕೊಬ್ಬು ಗೋದಾಮಿನಿಂದ ರಸ್ತೆಗೆ ಬರುತ್ತೆ ಅಷ್ಟೆ. ಅದನ್ನ ಉರಿಸೋ ಒಲೆ ಇರೋದು ಮಾಂಸಖಂಡದಲ್ಲಿ. ಕೈಕಾಲು ಆಡಿಸಿದ್ರೆ ಉರಿಯುತ್ತೆ. ಇಲ್ದಿದ್ರೆ ಏನ್ಮಾಡುತ್ತೆ ಗೊತ್ತಾ? ಸಿಟ್ಟು ಮಾಡ್ಕೊಂಡು ಮನೆ ಬಿಟ್ಟು ಹೋದ ಗಂಡನ ಹಾಗೆ, ಬೀದಿ ತುದಿವರೆಗೆ ಹೋಗಿ, ಒಂದು ಸುತ್ತು ಹಾಕಿ, ಊಟದ ಹೊತ್ತಿಗೆ ಸದ್ದಿಲ್ಲದೆ ವಾಪಸ್ ಬಂದು ಅದೇ ಜಾಗದಲ್ಲಿ ಕೂತ್ಕೊಳ್ಳುತ್ತೆ!"

ಯಾರ್ಡಿನಲ್ಲಿದ್ದ ಗಂಡಂದಿರೆಲ್ಲ ನೆಲ ನೋಡಿದರು.

"ಅಂದ್ರೆ ಬೆಳಿಗ್ಗೆಯಿಂದ ನಾನು ಉರಿದಿದ್ದೆಲ್ಲ ನೀರಲ್ಲಿ ಹೋಮ?" ಕ್ರೇನಣ್ಣ ನರ್ಸಮ್ಮನತ್ತ ತಿರುಗಿದ.

"ಅಲ್ಲಣ್ಣ," ಅಂದ ಕಡ್ಡಿ, ಒಂದು ಹೆಜ್ಜೆ ಹಿಂದೆ ಸರಿಯುತ್ತ, "ಒಲೆ ಹಚ್ಚೋಕೆ ಇನ್ನೂ ಟೈಮಿದೆ. ಬೆಲ್ಟಿಗೆ ಹೊಟ್ಟೆ ಜಾಸ್ತಿ, ಓಟಕ್ಕೆ ಕಾಲು ಕಮ್ಮಿ ಅಂತ ಆ ಚಿತ್ರದ ಕೆಳಗೆ ಬರೀಬೇಕು ಅಂತಿದ್ದೆ. ಸೀಮೆಸುಣ್ಣ ಮುಗಿದುಹೋಯ್ತು."

ಆಗ ಮೊದಲ ಬಾರಿಗೆ ಸಿಟ್ಟು ಕ್ರೇನಣ್ಣನ ಕಾಲಿಗೆ ಇಳಿಯಿತು.

ಆ ಓಟವನ್ನು ಯಾರ್ಡಿನವರು ಈಗಲೂ ಹೇಳುತ್ತಾರೆ. ಮುಂದೆ ಕಡ್ಡಿ, ಗಾಳಿಗೆ ಸಿಕ್ಕ ಕಾಗದದ ಹಾಗೆ. ಹಿಂದೆ ಕ್ರೇನಣ್ಣ, ಬ್ರೇಕು ಕಿತ್ತ ಲಾರಿಯ ಹಾಗೆ. ಕೆಂಪು ಕಂಟೇನರುಗಳ ಸಾಲು ಸುತ್ತಿ, ಲಾರಿ ತೂಗುವ ವೇಬ್ರಿಡ್ಜ್ ದಾಟಿ, ಲಾರಿ ಚಾಲಕರು ಎಸೆದಿದ್ದ ಟೈರುಗಳನ್ನು ಹಾರಿ, ಕಬ್ಬಿಣದ ಮೆಟ್ಟಿಲು ಹತ್ತಿ, ಆ ಕಡೆಯಿಂದ ಇಳಿದು ಓಡಿದರು. ಕಡ್ಡಿ ಓಡುತ್ತಲೂ ಮಾತು ನಿಲ್ಲಿಸಲಿಲ್ಲ. "ಅಣ್ಣಾ, ಮೊಣಕಾಲು ಎತ್ತಿ! ಅಣ್ಣಾ, ಆ ಕಡೆ ಮೆಟ್ಟಿಲು ಜಾಸ್ತಿ ಇದೆ, ಹಾಗೆ ಬನ್ನಿ!" ಕ್ರೇನಣ್ಣ ಮೂರು ತಿಂಗಳಿಂದ ನುಂಗಿಕೊಂಡಿದ್ದ ಬನ್ನಿನ ಆಸೆ, ಟೀಯ ಆಸೆ, ಕೌಂಟರಿನ ಭಯ ಎಲ್ಲವನ್ನೂ ಬೂಟಿನಡಿ ಕುಟ್ಟುತ್ತ ಬಂದ. ನಾಯಿ ಕೂಡ ಸೇರಿಕೊಂಡಿತು. ನಾಲ್ಕರ ಸೈರನ್ ಕೂಗುವವರೆಗೂ ಯಾರೂ ಯಾರಿಗೂ ಸಿಗಲಿಲ್ಲ.

ಪ್ರಥಮ ಚಿಕಿತ್ಸೆ ಕೋಣೆಯಲ್ಲಿ ಅಧಿಕಾರಿ ಕಾಯುತ್ತಿದ್ದ. ಕ್ರೇನಣ್ಣನ ಮೈಯಿಂದ ಬೆವರು ಧಾರಾಕಾರ. ಬೂಟು ಕಳಚಿ ತಕ್ಕಡಿ ಹತ್ತಿದ. ಮುಳ್ಳು ನೂರರ ಗೆರೆ ದಾಟಿ ಆ ಕಡೆ ನಿಂತಿತು.

"ಅಂಗಿ ತೆಗೀರಿ," ಅಂದಳು ನರ್ಸಮ್ಮ. "ಬೆವರು ನಿಮ್ಮಿಂದ ಹೋಗಿದೆ, ಅಂಗಿಯಲ್ಲಿ ಕೂತಿದೆ. ಜೊತೆಗೆ ಸಾಹೇಬ್ರ ಟೀ ಬೇರೆ."

ಅಂಗಿ ಹಿಂಡಿದರೆ ಬಕೆಟ್ಟು ತುಂಬುವ ಹಾಗಿತ್ತು. ಅದನ್ನು ಬಿಸಾಡಿ ಮತ್ತೆ ಹತ್ತಿದ. ಮುಳ್ಳು ಮೇಲೆ ಹೋಯಿತು, ಕೆಳಗೆ ಬಂತು, ನೂರರ ಗೆರೆಯ ಹತ್ತಿರ ನಡುಗಿತು, ಯೋಚಿಸಿತು, ಈ ಕಡೆಗೆ ಸರಿದು ನಿಂತಿತು.

"ನೂರಕ್ಕೆ ಅರ್ಧ ಕಮ್ಮಿ!" ನರ್ಸಮ್ಮ ಚಪ್ಪಾಳೆ ತಟ್ಟಿದಳು. ಆಮೇಲೆ ಪಿಸುದನಿಯಲ್ಲಿ, "ಸತ್ಯ ಹೇಳ್ಬೇಕು ಅಂದ್ರೆ ಇವತ್ತು ಹೋಗಿದ್ರಲ್ಲಿ ಮುಕ್ಕಾಲು ಪಾಲು ನೀರು. ಕೊಬ್ಬು ಕರಗಿದ್ದು ಈ ಮೂರು ತಿಂಗಳಲ್ಲಿ, ನಿಧಾನಕ್ಕೆ. ಇರ್ಲಿ, ತಕ್ಕಡಿ ಅದನ್ನೆಲ್ಲ ಕೇಳಲ್ಲ."

ವೆಲ್ಡರಕ್ಕ ಶಿಳ್ಳೆ ಹೊಡೆದಳು. ಕ್ರೇನಣ್ಣನ ಕಣ್ಣಲ್ಲಿ ನೀರು ಬಂತು. ಗಾಜಿನ ಕ್ಯಾಬಿನ್ನು! ಮೋಡ! ಟಕ್ ಅನ್ನುವ ಸ್ವಿಚ್ಚು! ಆ ಸಂತೋಷದಲ್ಲಿ ಅವನು ಕಡ್ಡಿಯನ್ನೂ ತಬ್ಬಿಕೊಂಡ. "ಏನೇ ಆಗ್ಲಿ, ನೀನು ನನ್ನ ಪ್ರಾಣ ಉಳಿಸಿದೆ ಕಣೋ."

ಅಧಿಕಾರಿಯೂ ಮೊದಲ ಸಲ ನಕ್ಕ. ಇಸ್ತ್ರಿ ಸ್ವಲ್ಪ ಸುಕ್ಕಾಯಿತು. "ಅಭಿನಂದನೆ. ಬೆಲ್ಟಿನ ಸಮಸ್ಯೆ ಮುಗೀತು. ಇನ್ನೊಂದು ಸಮಸ್ಯೆಯೂ ಅದರ ಜೊತೆಗೇ ಮುಗೀತು, ನೋಡಿ."

"ಯಾವುದು ಸಾರ್?"

"ಅಷ್ಟು ಎತ್ತರದಲ್ಲಿ ಒಬ್ಬರೇ ಕೂರಬಾರ್ದು, ಇಬ್ಬರಿರಬೇಕು ಅನ್ನೋದು ಮೊದಲಿಂದಲೂ ಇರೋ ನಿಯಮ. ಆದ್ರೆ ಮೇಲೆ ಕರ್ಕೊಂಡು ಹೋಗೋ ಲಿಫ್ಟು ಒಟ್ಟು ನೂರ ಅರವತ್ತು ಕಿಲೋಗಿಂತ ಜಾಸ್ತಿ ಎತ್ತಲ್ಲ. ನಿಮ್ಮ ಜೊತೆ ಇನ್ನೊಬ್ಬರು ಹಿಡಿಸ್ತಾನೇ ಇರ್ಲಿಲ್ಲ. ಇಷ್ಟು ವರ್ಷ ನಿಮಗೆ ಮಾತ್ರ ವಿನಾಯಿತಿ ಕೊಟ್ಟಿದ್ವಿ. ಯಾರ್ಡಿನಲ್ಲಿ ಅತ್ಯಂತ ಹಗುರದವರನ್ನ ಲೆಕ್ಕ ಹಾಕಿದ್ರೂ, ಬೆಳಿಗ್ಗೆವರೆಗೂ ಅರ್ಧ ಕಿಲೋ ಜಾಸ್ತಿ ಆಗ್ತಿತ್ತು."

ಕ್ರೇನಣ್ಣನ ತೋಳು ಇನ್ನೂ ಕಡ್ಡಿಯ ಹೆಗಲ ಮೇಲಿತ್ತು. ಅದು ಅಲ್ಲೇ ಕಲ್ಲಾಯಿತು.

"ಮೂರು ತಿಂಗಳಿಂದ ದಿನಾ ಲೆಕ್ಕ ಹಾಕ್ತಿದ್ದೆ ಅಣ್ಣಾ," ಅಂದ ಕಡ್ಡಿ. "ಕ್ರೇನು ಕಲೀಬೇಕು ಅಂತ ನನಗೆ ಎಷ್ಟು ವರ್ಷದ ಆಸೆ ಗೊತ್ತಾ? ಅದೂ ನಿಮ್ಮ ಪಕ್ಕದಲ್ಲೇ ಕೂತು, ನಾಲ್ಕು ಮಾತಾಡ್ಕೊಂಡು. ಆ ವಾಕಿಟಾಕಿ ಯಾವಾಗ ನೋಡಿದ್ರೂ ಕೆಟ್ಟಿರ್ತಿತ್ತಲ್ಲ ಅಣ್ಣಾ, ಇನ್ನು ಅದರ ಗೊಡವೆನೇ ಇಲ್ಲ."

ಕ್ರೇನಣ್ಣ ಸುತ್ತ ನೋಡಿದ. ವೆಲ್ಡರಕ್ಕನ ಕೈಯಲ್ಲಿ ಒಂದು ದೊಡ್ಡ ಬನ್ನಿತ್ತು; ಗೆದ್ದರೆ ತಿನ್ನಿಸೋಣ ಅಂತ ತಂದಿದ್ದಳು. ಅವನು ಅದನ್ನು ಕಿತ್ತುಕೊಂಡ. ಅರ್ಧ ಕಿಲೋ! ಅಷ್ಟೇ ತಾನೇ! ಇಂಥ ನಾಲ್ಕು ತಿಂದು ಒಂದು ತಂಬಿಗೆ ನೀರು ಕುಡಿದರೆ ವಾಪಸ್ ಬಂತು! ಬಾಯಿ ತೆರೆದ.

"ತಿನ್ನಿ, ತಿನ್ನಿ," ಅಂದ ಅಧಿಕಾರಿ. "ಆದ್ರೆ ಪ್ರತಿ ಸೋಮವಾರ ತೂಕ ನೋಡ್ತೀವಿ. ನೂರು ದಾಟಿದ್ರೆ ಕೌಂಟರು. ಅಲ್ಲಿ ಕುರ್ಚಿಯನ್ನೂ ಹಾಕಿಸಿ ಇಟ್ಟಿದೀನಿ."

ಬನ್ನು ತುಟಿಯ ಹತ್ತಿರವೇ ನಿಂತಿತು. ತಿಂದರೆ ಕೌಂಟರು, ಬಿಟ್ಟರೆ ಕಡ್ಡಿ. ಅತ್ತ ದರಿ, ಇತ್ತ ಪುಲಿ, ನಡುವೆ ಒಂದು ಬನ್ನು. ಬೆಳಿಗ್ಗೆಯಿಂದ ಶಾಪ ಹಾಕಿದ್ದ ಆ ಅರ್ಧ ಕಿಲೋ ಕೊಬ್ಬು ಇಷ್ಟು ವರ್ಷ ತನ್ನ ಬಾಗಿಲು ಕಾಯುತ್ತಿದ್ದ ನಿಜವಾದ ಕಾವಲುಗಾರ ಅಂತ ಅವನಿಗೆ ಹೊಳೆದದ್ದು ಆಗ. ಅದನ್ನು ಅವನೇ ಅಟ್ಟಾಡಿಸಿಕೊಂಡು ಹೋಗಿ ಸುಟ್ಟುಬಂದಿದ್ದ.

ತಟ್ಟನೆ ಇನ್ನೊಂದು ಉಪಾಯ ಹೊಳೆಯಿತು. ಬನ್ನನ್ನು ಕಡ್ಡಿಯ ಕೈಗಿಟ್ಟ. ಬೆನ್ನು ಸವರಿದ. "ತಿನ್ನಪ್ಪ. ಓಡಿ ಓಡಿ ಸುಸ್ತಾಗಿದೀಯಾ. ಪೂರ್ತಿ ತಿನ್ನು. ನಾಳೆಯಿಂದ ನನ್ನ ಡಬ್ಬಿಯೂ ನಿನಗೇ. ನಿನ್ನ ಅತ್ತಿಗೆಗೆ ಹೇಳಿ ಎರಡು ಪಟ್ಟು ಹಾಕಿಸ್ತೀನಿ."

ಕಡ್ಡಿ ಎರಡೇ ತುತ್ತಿಗೆ ಬನ್ನು ಮುಗಿಸಿದ. ಬಾಯಿ ಒರೆಸಿಕೊಂಡ. "ತಿಂತೀನಣ್ಣ, ಧಾರಾಳವಾಗಿ ತಿಂತೀನಿ. ಆದ್ರೆ ನನಗೆ ಎಷ್ಟು ತಿಂದ್ರೂ ಮೈಗೆ ಹತ್ತಲ್ಲ. ನಮ್ಮಪ್ಪನೂ ಹೀಗೇ ಇದ್ರು. ನಮ್ಮ ತಾತನೂ ಹೀಗೇ. ಅವರ ಕತೆ ಒಂದಿದೆ, ಮೇಲೆ ಹೋಗ್ತಾ ಹೇಳ್ತೀನಿ, ಸ್ವಲ್ಪ ಉದ್ದ ಇದೆ."

"ಹಾಗಾದ್ರೆ ಈಗಲೇ ಒಂದು ಸಲ ಹೋಗಿಬನ್ನಿ ಇಬ್ಬರೂ," ಅಂದ ಅಧಿಕಾರಿ.

ಲಿಫ್ಟಿನ ಜಾಲರಿ ಬಾಗಿಲು ಮುಚ್ಚಿತು. ಹಗ್ಗ ಒಮ್ಮೆ ಕಿರುಗುಟ್ಟಿತು, ಕ್ರೇನಣ್ಣ ಕೊನೆಯ ಆಸೆಯಿಂದ ತಲೆಯೆತ್ತಿ ನೋಡಿದ, ಲಿಫ್ಟು ಏನೂ ತಕರಾರಿಲ್ಲದೆ ಮೇಲೇರತೊಡಗಿತು. ಕೆಳಗೆ ಯಾರ್ಡು ಚಿಕ್ಕದಾಯಿತು, ಲಾರಿಗಳ ಸದ್ದು ದೂರವಾಯಿತು, ತಂಗಾಳಿ ಬೀಸಿತು.

"ಅಣ್ಣಾ, ಒಂದು ಮಾತು ಹೇಳ್ಲಾ?"

ಕ್ರೇನಣ್ಣನ ಹೆಬ್ಬೆರಳು ಅಭ್ಯಾಸಬಲದಿಂದ ತಾನಾಗಿ ಮೇಲೆದ್ದಿತು. ಕಡ್ಡಿಯ ಎದೆ, ಭುಜ, ಕಿವಿಯ ಹಿಂದೆ ಎಲ್ಲ ತಡಕಾಡಿತು.

ಎಲ್ಲೂ ಸ್ವಿಚ್ಚು ಇರಲಿಲ್ಲ.